ಕಸೂತಿಯ ನೇರಪ್ರಸಾರ: ಫೋನು ಸಾಕೇ, ಲ್ಯಾಪ್‌ಟಾಪ್ ಬೇಕೇ?

ಭಾನುವಾರ ಸಂಜೆ ಧಾರವಾಡದ ನಮ್ಮ ಮನೆಯಿಂದ ನಾನು ಯೂಟ್ಯೂಬ್‌ನಲ್ಲಿ ತೋರಿಸುವ ಕಸೂತಿಯನ್ನು ನೇರವಾಗಿ ನೋಡುವವರು ಹತ್ತೋ ಹನ್ನೆರಡೋ ಮಂದಿ. ಅವರಿಗಾಗಿ ಮೂರು ತಿಂಗಳು ಬರಿಯ ಫೋನಿನಿಂದಲೂ, ಅನಂತರ ಅಷ್ಟೇ ಕಾಲ ವೆಬ್‌ಕ್ಯಾಮ್ ಜೋಡಿಸಿದ ಲ್ಯಾಪ್‌ಟಾಪಿನಲ್ಲಿ ಓಬಿಎಸ್ ಎಂಬ ಉಚಿತ ತಂತ್ರಾಂಶದಿಂದಲೂ ಪ್ರಸಾರ ಮಾಡಿದ್ದೇನೆ.

ಫೋನಿನಿಂದ ಪ್ರಸಾರ ಮಾಡಲು ಚಾನೆಲ್‌ಗೆ ಕನಿಷ್ಠ 50 ಚಂದಾದಾರರಿರಬೇಕು. ಲ್ಯಾಪ್‌ಟಾಪಿಗೆ ಆ ನಿಬಂಧನೆಯಿಲ್ಲ. ಮೊದಲ ಸಲ ಅನುಮತಿ ಸಿಗಲು 24 ಗಂಟೆಯವರೆಗೆ ಹಿಡಿಯಬಹುದು.

ನಮ್ಮ ಧಾರವಾಡದ ಸಾಂಪ್ರದಾಯಿಕ ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ, ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು; ಆದ್ದರಿಂದ ಎಳೆ ಕಾಣದಿದ್ದರೆ ಕಲಿಯುವವರಿಗೆ ಏನೂ ದಕ್ಕುವುದಿಲ್ಲ. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಬಿಳಿ ದಾರದಿಂದ ಗೋಪುರದ ಚಿತ್ತಾರ ಹಾಕುತ್ತಿದ್ದಾಗ ನನ್ನ ಫೋನು ತಾನಾಗಿಯೇ ಬೆಳಕು ಹೆಚ್ಚಿಸಿಕೊಂಡು, ಕಪ್ಪನ್ನು ಬೂದಿಬಣ್ಣವಾಗಿಸಿ, ದಾರವನ್ನು ಒಂದೇ ಬಿಳಿಯ ಮುದ್ದೆಯಂತೆ ತೋರಿಸಿತು. ಓಬಿಎಸ್‌ನಲ್ಲಿ ಕ್ಯಾಮೆರಾದ ಸ್ವಯಂ ಬೆಳಕು, ಸ್ವಯಂ ಫೋಕಸ್ ಎರಡನ್ನೂ ನಿಲ್ಲಿಸಿ, ಸೂಜಿಯ ಮೊನೆಗೆ ಹೊಂದಿಸಿಟ್ಟ ಮೇಲೆ ಒಂದೊಂದು ಎಳೆಯೂ ಬಿಡಿಬಿಡಿಯಾಗಿ ಕಂಡಿತು.

ಇದಕ್ಕಿಂತ ದೊಡ್ಡ ವ್ಯತ್ಯಾಸ ಮಾತುಕತೆಯಲ್ಲಿದೆ. ಗವಂತಿ ಎಂಬ ಕಸೂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದರಂತೆ ಹೊಲಿದು, ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತೇವೆ; ಹೋಗುವಾಗ ಒಂದೇ ಒಂದು ಎಳೆ ತಪ್ಪಿದರೂ ಬರುವ ದಾರಿ ಕೂಡುವುದಿಲ್ಲ. "ಅಕ್ಕಾ, ಈಗ ಎಷ್ಟು ಎಳೆ ಬಿಟ್ಟ್ರಿ?" ಎಂಬ ಪ್ರಶ್ನೆ ತಡವಾಗಿ ತಲುಪಿದರೆ ನನ್ನ ಸೂಜಿ ಅಷ್ಟರಲ್ಲಿ ಐದಾರು ಹೊಲಿಗೆ ಮುಂದೆ ಹೋಗಿರುತ್ತದೆ. ಫೋನನ್ನು ಸ್ಟ್ಯಾಂಡಿಗೆ ಕಟ್ಟಿ ಬಟ್ಟೆಯ ಮೇಲೆ ತೂಗಿಬಿಟ್ಟಾಗ ಅದರ ಪರದೆ ಸೂರಿನತ್ತ ಇರುತ್ತಿದ್ದುದರಿಂದ, ಪ್ರಶ್ನೆ ಓದಲೆಂದು ಎದ್ದಾಗಲೆಲ್ಲ ನನ್ನ ಎಣಿಕೆಯೇ ತಪ್ಪುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಪ್ರಶ್ನೆಗಳು ಕಣ್ಣೆದುರಿಗೇ ಬರುತ್ತವೆ, ಪ್ರಸಾರದ ವಿಳಂಬವನ್ನು ಅತಿ ಕಡಿಮೆಗೆ ಇಳಿಸಿಕೊಳ್ಳಲೂ ಬರುತ್ತದೆ. ಹಾಗೆ ಇಳಿಸಿದರೆ 1080ಪಿ ಗುಣಮಟ್ಟಕ್ಕಿಂತ ಮೇಲಕ್ಕೆ ಹೋಗಲಾಗದು. ಎಳೆ ಎಣಿಸಲು ಅಷ್ಟು ಸಾಕು.

ಲ್ಯಾಪ್‌ಟಾಪಿನ ಸಿದ್ಧತೆಗೆ ಇಪ್ಪತ್ತು ನಿಮಿಷ ಬೇಕೆಂಬುದು ನಿಜ. ಆದರೂ ಕಲಿಸುವ ದಿನಗಳಲ್ಲಿ ನಾನು ಅದನ್ನೇ ಆರಿಸುತ್ತೇನೆ. ಓಣಿಯ ಅಜ್ಜಿಯೊಬ್ಬರು ತಮ್ಮ ಮದುವೆಯ ಇರಕಲ್ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ತೋರಿಸುತ್ತೇನೆಂದ ದಿನ ಮಾತ್ರ ಫೋನನ್ನೇ ಒಯ್ದೆ. ಅವರು ಸೆರಗು ಮಗುಚಿ, ಅದರ ಮೇಲಿನ ತುಳಸಿಕಟ್ಟೆ ಚಿತ್ತಾರದ ಹಿಂಬದಿಯೂ ಮುಂಬದಿಯಂತೆಯೇ ಗಂಟಿಲ್ಲದೆ ಇರುವುದನ್ನು ಬೆರಳಿನಿಂದ ಸವರಿ ತೋರಿಸಿದರು. ಅಂದು ನೋಡುತ್ತಿದ್ದ ಒಂಬತ್ತು ಮಂದಿಯಲ್ಲಿ ಒಬ್ಬರೂ ಮಧ್ಯದಲ್ಲಿ ಎದ್ದುಹೋಗಲಿಲ್ಲ.