ಕೆಂಚಿ ಮತ್ತು ಮಲ್ಲ: ಕಂತ್ರಿ ನಾಯಿ ಸಾಕುವುದೋ, ಮುಧೋಳ ಸಾಕುವುದೋ?

ನಮ್ಮಲ್ಲಿ ‘ಕಂತ್ರಿ’ ಅನ್ನುವುದು ಬೈಗುಳ. ‘ಕಂಟ್ರಿ’ ಅನ್ನುವ ಮಾತು ಬಾಯಿಂದ ಬಾಯಿಗೆ ಸವೆದು ಕಂತ್ರಿಯಾಯಿತು. ನಾಡಿನದು ಅನ್ನುವ ಅರ್ಥ ಕಳಚಿ, ಕೀಳು ಅನ್ನುವುದೊಂದೇ ಉಳಿಯಿತು. ಆರು ವರ್ಷದ ಹಿಂದೆ ಕೆಂಚಿಯನ್ನು ತಂದ ದಿನ ಅಮ್ಮ ಬಾಗಿಲಲ್ಲೇ ನಿಂತು, “ಕಂತ್ರಿ ನಾಯಿನ ಯಾರಾದ್ರೂ ಕಾರಲ್ಲಿ ಕೂರಿಸ್ಕೊಂಡು ಬರ್ತಾರೇನೋ?” ಅಂದಿದ್ದರು. ಎರಡು ವರ್ಷ ಕಳೆದು ಮುಧೋಳದ ಮರಿ ಮಲ್ಲ ಬಂದಾಗ ಅವರೇ ಕುಂಕುಮವಿಟ್ಟು ಒಳಗೆ ಕರೆದುಕೊಂಡರು.

ತುಮಕೂರಿನಿಂದ ದೇವರಾಯನದುರ್ಗದ ಕಡೆಗೆ ಹೋಗುವ ದಾರಿಯಲ್ಲಿ ಹತ್ತು ಗುಂಟೆ ಜಾಗದಲ್ಲಿ ನಮ್ಮ ಮನೆ. ಇಬ್ಬರಿಗೂ ಒಂದೇ ಅಂಗಳ, ಊಟ ಹಾಕುವ ಕೈಯೂ ಒಂದೇ. ದೇಸಿ ನಾಯಿ ಸಾಕಬೇಕು ಅಂದುಕೊಂಡವರು ಯಾವುದು ಒಳ್ಳೆಯದು ಅಂತ ಕೇಳುತ್ತಾರೆ. ನಾನು ಕಂಡದ್ದನ್ನು ಹೇಳುತ್ತೇನೆ.

ಎರಡನ್ನೂ ‘ದೇಸಿ’ ಅಂತ ಒಂದೇ ಗೂಡಿಗೆ ಹಾಕುತ್ತೇವಲ್ಲ, ಮೊದಲ ತಪ್ಪು ಅದೇ. ಮುಧೋಳ ನಾಯಿ ಮನುಷ್ಯ ಆರಿಸಿ ಆರಿಸಿ ಮಾಡಿಕೊಂಡ ತಳಿ. ಮುಧೋಳದ ಘೋರ್ಪಡೆ ಅರಸರು ಬೇಟೆಗಾಗಿ ಪೋಷಿಸಿದ್ದು, 2005ರಲ್ಲಿ ಅಂಚೆಚೀಟಿಯ ಮೇಲೆ ಬಂದದ್ದು, ಆಮೇಲೆ ಸೇನೆಗೂ ಹೋದದ್ದು. ಉದ್ದ ಮೂತಿ, ಆಳವಾದ ಎದೆ, ಒಳಗೆ ಸರಿದ ಹೊಟ್ಟೆ, ಎಲ್ಲವೂ ಓಟಕ್ಕಾಗಿ. ಕೆಂಚಿಯ ಕುಲವನ್ನು ಹಾಗೆ ಯಾರೂ ಆರಿಸಿ ಬೆಳೆಸಲಿಲ್ಲ. ನೆಟ್ಟಗಿನ ಕಿವಿ, ಸುರುಳಿ ಬಾಲ, ಮಣ್ಣಿನ ಬಣ್ಣ. ಆಸ್ಟ್ರೇಲಿಯಾದ ಡಿಂಗೊ, ಆಫ್ರಿಕಾದ ಬಸೆಂಜಿಯ ಚಿತ್ರ ನೋಡಿದರೆ ಇವಳ ದಾಯಾದಿಗಳಂತೆ ಕಾಣುತ್ತವೆ. ಆದಿಮ ನಾಯಿ ಅನ್ನುವುದು ಇಂಥವನ್ನೇ. ಬದುಕಿ ಉಳಿದದ್ದು ಮರಿ ಹಾಕಿತು, ಅಷ್ಟೇ ಇವುಗಳ ವಂಶಾವಳಿ.

ಇದರ ಅರ್ಥ ನನಗೆ ಮೊದಲ ವಾರದಲ್ಲೇ ಗೊತ್ತಾಯಿತು. ಎರಡು ತಿಂಗಳು ತುಂಬಿದ ಮಲ್ಲ ಬಂದ ರಾತ್ರಿಯೇ ನನ್ನ ತೊಡೆಯ ಮೇಲೆ ನಿದ್ದೆ ಹೋದ. ಕೆಂಚಿ ಬಂದಾಗ ಅವಳಿಗೆ ಏಳು ತಿಂಗಳಿರಬಹುದು. ಮನುಷ್ಯರ ಕೈಯ ಬಿಸಿ ಮರಿಗೆ ಅಭ್ಯಾಸವಾಗುವುದು ಹುಟ್ಟಿದ ಮೂರನೇ ವಾರದಿಂದ ಹೆಚ್ಚುಕಡಿಮೆ ಮೂರು ತಿಂಗಳ ಒಳಗೆ. ಆ ಕಾಲವನ್ನು ಅವಳು ಮರಳು ಲಾರಿಗಳ ಅಡಿಯಲ್ಲಿ ಕಳೆದಿದ್ದಳು. ಬಂದವಳೇ ಬಟ್ಟೆ ಒಗೆಯುವ ಕಲ್ಲಿನ ಸಂದಿಗೆ ಸೇರಿಕೊಂಡಳು. ಕರೆದರೆ ಇನ್ನೂ ಹಿಂದಕ್ಕೆ ಸರಿಯುತ್ತಿದ್ದಳು, ಕೈ ಚಾಚಿದರೆ ಉಚ್ಚೆ ಹೊಯ್ದುಕೊಳ್ಳುತ್ತಿದ್ದಳು. ದಿನಾ ಸಂಜೆ ಮುದ್ದೆ ಮುರಿದು ತಟ್ಟೆಗೆ ಹಾಕಿ, ಹತ್ತು ಅಡಿ ದೂರದಲ್ಲಿ ಅವಳಿಗೆ ಬೆನ್ನು ತಿರುಗಿಸಿ ಕೂರುತ್ತಿದ್ದೆ. ದಿಟ್ಟಿಸಿ ನೋಡುವುದು ಅವಳ ಲೆಕ್ಕದಲ್ಲಿ ಜಗಳಕ್ಕೆ ಕರೆದಂತೆ. ಕೈಯಿಂದ ಮೊದಲ ತುತ್ತು ತೆಗೆದುಕೊಂಡದ್ದು ನಲವತ್ತೊಂದನೇ ದಿನ. ಹೊಸ್ತಿಲು ದಾಟಿ ಒಳಗೆ ಮಲಗಿದ್ದು ಐದನೇ ತಿಂಗಳಲ್ಲಿ. ನಡುವೆ ಒಮ್ಮೆ, ನನ್ನಿಂದ ಆಗುವುದಿಲ್ಲ ಅನ್ನಿಸಿ ಅತ್ತಿದ್ದೇನೆ. ಬೆಳೆದ ಬೀದಿ ನಾಯಿಯನ್ನು ತರುವವರು ಒಂದು ವರ್ಷ ಅದಕ್ಕೆಂದೇ ಎತ್ತಿಡಬೇಕು. ಅಷ್ಟು ಬಿಡುವಿಲ್ಲದವರು ಮರಿಯನ್ನೇ ತರಲಿ.

ಕಲಿಸುವ ವಿಷಯಕ್ಕೆ ಬಂದರೆ, ‘ಕೂತ್ಕೋ’ ಅಂದರೆ ಮಲ್ಲ ಕೂರುತ್ತಾನೆ. ಕೆಂಚಿಗೆ ಎರಡೇ ದಿನದಲ್ಲಿ ಅದು ಅರ್ಥವಾಯಿತು, ಆದರೆ ಯಾಕೆ ಕೂರಬೇಕು ಅನ್ನುವುದು ಅವಳಿಗೆ ಇವತ್ತಿಗೂ ಇತ್ಯರ್ಥವಾಗಿಲ್ಲ. ಗೇಟಿನ ಚಿಲಕ ಎತ್ತುವುದು, ಹಾಲಿನವರ ಗಾಡಿ ಸದ್ದನ್ನು ಬೇರೆ ಗಾಡಿಗಳಿಂದ ಬಿಡಿಸಿ ಗುರುತಿಸುವುದು, ಇವನ್ನೆಲ್ಲ ತಾನಾಗಿ ಕಲಿತಳು. ಹೇಳಿದ್ದನ್ನು ಕೇಳುವ ನಾಯಿ ಬೇಕಿದ್ದವರಿಗೆ ಅವಳು ಒಗ್ಗುವುದಿಲ್ಲ.

ಆದರೆ ಮಲ್ಲ ಹೇಳಿದ್ದು ಕೇಳುವುದು ಮೊಲ ಕಣ್ಣಿಗೆ ಬೀಳುವವರೆಗೆ ಮಾತ್ರ. ಇವನದು ಕಣ್ಣಿನಿಂದ ಬೇಟೆಯಾಡುವ ತಳಿ. ದೂರದಲ್ಲಿ ಏನೋ ಓಡಿತು ಅಂದರೆ ಕಿವಿ ಮುಚ್ಚಿಹೋಗುತ್ತದೆ. ಅವನಿಗೆ ಒಂದೂವರೆ ವರ್ಷವಿದ್ದಾಗ ಸಿಲಿಂಡರ್ ಕೊಡಲು ಬಂದವರು ಗೇಟು ಹಾಕದೆ ಹೋದರು. ಪಕ್ಕದ ತೋಟದ ಎರಡು ನಾಟಿ ಕೋಳಿ ಸತ್ತವು. ಅಲ್ಲಿಂದ ಮುಳ್ಳುತಂತಿ ಬೇಲಿ ಹಾರಿ ಕೆರೆ ಕಡೆಗೆ ಓಡಿದ. ಎರಡು ತಾಸು ಹುಡುಕಿದೆ. ಸಿಕ್ಕಾಗ ತೊಡೆಯ ಚರ್ಮ ಬಟ್ಟೆಯಂತೆ ಹರಿದಿತ್ತು, ಒಂಬತ್ತು ಹೊಲಿಗೆ. ಮುಧೋಳದ ಚರ್ಮ ಅಷ್ಟು ತೆಳು. ಮೈಯಲ್ಲಿ ಕೊಬ್ಬು ಕಡಿಮೆ ಇರುವ ಈ ಬೇಟೆನಾಯಿಗಳಿಗೆ ಕೆಲವು ಅರಿವಳಿಕೆ ಔಷಧಗಳ ಅಮಲು ಬೇಗ ಇಳಿಯುವುದಿಲ್ಲ. ಆದ್ದರಿಂದ ಯಾವ ಆಪರೇಷನ್‌ಗೂ ಮೊದಲು ‘ಇದು ಮುಧೋಳ’ ಅಂತ ಬಾಯಿಬಿಟ್ಟು ಹೇಳಬೇಕು. ಅಂದಿನಿಂದ ಸುತ್ತ ಆರಡಿ ಜಾಲರಿ ಹಾಕಿಸಿದ್ದೇವೆ, ಹೊರಗೆ ಹೋದರೆ ಹಗ್ಗ ಬಿಚ್ಚುವುದೇ ಇಲ್ಲ.

ಬೀದಿಯಲ್ಲಿ ಇಬ್ಬರನ್ನೂ ಹಿಡಿದು ನಡೆಯುವಾಗ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತದೆ. ಎದುರಿಗೆ ನಾಲ್ಕು ನಾಯಿ ಬಂದರೆ ಕೆಂಚಿ ನಿಲ್ಲುತ್ತಾಳೆ, ಮುಖ ಪಕ್ಕಕ್ಕೆ ತಿರುಗಿಸುತ್ತಾಳೆ, ನೆಲ ಮೂಸುತ್ತಾಳೆ, ನೇರ ಹೋಗದೆ ಬಳಸಿಕೊಂಡು ದಾಟುತ್ತಾಳೆ. ಅವೂ ಬಿಡುತ್ತವೆ. ಮಲ್ಲನಿಗೆ ಆ ಭಾಷೆ ಬರುವುದಿಲ್ಲ. ಕತ್ತೆತ್ತಿ ಸೆಟೆದು ನಿಲ್ಲುತ್ತಾನೆ, ಇಲ್ಲವೇ ಓಡಲು ನೋಡುತ್ತಾನೆ. ಎರಡಕ್ಕೂ ಹಿಂಡು ಮೇಲೆ ಬೀಳುತ್ತದೆ.

ಚಿರತೆ ಬಂದ ರಾತ್ರಿಯದೂ ಇದೇ ಕತೆ. ನಮ್ಮ ಕಡೆ ಊರಂಚಿನ ನಾಯಿಗಳನ್ನು ಚಿರತೆ ಹೊತ್ತೊಯ್ಯುವುದು ಹೊಸದಲ್ಲ. ಕುರಿಗಾಹಿಗಳು ನಾಯಿ ಕೊರಳಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಹಾಕುವುದು ಅದಕ್ಕೇ. ಆ ರಾತ್ರಿ ಕೆಂಚಿ ಬೊಗಳಲಿಲ್ಲ. ಗಂಟಲ ಆಳದಿಂದ ಒಂದೇ ಸಮ ಗುರುಗುಟ್ಟುತ್ತ, ಬೆನ್ನನ್ನು ಬಾಗಿಲಿಗೆ ಒತ್ತಿ ನಿಂತಿದ್ದಳು, ಒಂದು ಹೆಜ್ಜೆ ಮುಂದಿಡಲಿಲ್ಲ. ಮಲ್ಲ ಜಾಲರಿಗೆ ಹಾರಿ ಹಾರಿ ಬೀಳುತ್ತಿದ್ದ. ಅವನನ್ನು ಕೊರಳಪಟ್ಟಿ ಹಿಡಿದು ಒಳಗೆಳೆಯುವಷ್ಟರಲ್ಲಿ ನನ್ನ ಕೈ ನಡುಗುತ್ತಿತ್ತು. ಬೆಳಿಗ್ಗೆ ಬೇಲಿಯಾಚೆ ಹೆಜ್ಜೆ ಕಂಡೆವು. ಈಗ ಸಂಜೆ ಆರೂವರೆಗೆ ಇಬ್ಬರೂ ಒಳಗೆ.

ಧೈರ್ಯದಲ್ಲಿ ಮಲ್ಲನೇ ಮೇಲು, ಅದನ್ನು ಮುಚ್ಚಿಡುವುದಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನದಲ್ಲಿ ಕಾಳಿ ಅನ್ನುವ ನಾಯಿಯ ಕತೆಯಿದೆ. 10ನೇ ಶತಮಾನದ್ದು. ಗಂಗ ದೊರೆ ಬೂತುಗ ತನ್ನ ವೀರ ಮಣಲೇರನನ್ನು ಮೆಚ್ಚಿ ಬೇಡಿಕೋ ಅಂದಾಗ ಅವನು ಕೇಳಿದ್ದು ಆ ನಾಯಿಯನ್ನು. ಅದು ಹಂದಿಯೊಡನೆ ಕಾದಾಡಿ, ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಆ ಕಲ್ಲಿನ ಮುಂದೆ ನಿಂತಾಗ ನನಗೆ ಮಲ್ಲನೇ ಕಣ್ಣೆದುರು ಬಂದ. ಕೆಂಚಿಯಾಗಿದ್ದರೆ ಬದುಕಿ ಮನೆಗೆ ಬರುತ್ತಿದ್ದಳು.

ಊಟ: ಕೆಂಚಿಗೆ ಮುದ್ದೆ, ಮೊಟ್ಟೆ, ಮಜ್ಜಿಗೆ ಅನ್ನ ಸಾಕು, ಹದಿನೇಳು ಕೆ.ಜಿ. ಇದ್ದಾಳೆ. ಇಪ್ಪತ್ತಾರು ಕೆ.ಜಿ.ಯ ಮಲ್ಲನಿಗೆ ಜೋಳದ ರೊಟ್ಟಿ, ಹಾಲಿನ ಜೊತೆ ಮಾಂಸವೂ ಬೇಕು. ಅವನ ಪಕ್ಕೆಲುಬು ಕಾಣುವುದು ಸರಿಯಾದ ಮೈಕಟ್ಟು, ಹಸಿವಲ್ಲ. ಡಿಸೆಂಬರ್ ಚಳಿಗೆ ಅವನಿಗೆ ಕಂಬಳಿ ಹೊದಿಸಬೇಕು.

ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ. ‘ಕಂತ್ರಿಗೆ ರೋಗ ಬರಲ್ಲ’ ಅನ್ನುವುದನ್ನು ನಂಬಬೇಡಿ. ಬೀದಿಯಲ್ಲಿ ಹುಟ್ಟಿದ ಎಷ್ಟೋ ಮರಿಗಳು ವರ್ಷ ತುಂಬುವ ಮೊದಲೇ ಸಾಯುತ್ತವೆ. ಉಳಿದ ಗಟ್ಟಿಯವನ್ನು ಮಾತ್ರ ನಾವು ನೋಡುತ್ತೇವೆ. ಕೆಂಚಿಗೂ ಉಣ್ಣೆ ಕಚ್ಚಿ ಜ್ವರ ಬಂದು ಸಾವಿನ ಬಾಯಿಂದ ಮರಳಿದ್ದಾಳೆ. ಇಬ್ಬರಿಗೂ ಲಸಿಕೆ ಒಂದೇ, ರೇಬೀಸ್‌ನದು ತಪ್ಪಿಸಲೇಬಾರದು.

ಬೇಲಿ ಹಾಕಿದ ದೊಡ್ಡ ಅಂಗಳ, ದಿನಕ್ಕೆರಡು ಸಲ ಓಡಿಸುವ ಕಾಲು, ಅಕ್ಕಪಕ್ಕ ಕುರಿ ಕೋಳಿ ಇಲ್ಲದ ಜಾಗ, ಈ ಮೂರೂ ಇದ್ದರೆ ಮುಧೋಳ ತನ್ನಿ. ಇಲ್ಲದಿದ್ದರೆ ಅದನ್ನು ತಂದು ಕಟ್ಟಿಹಾಕುವುದು ಹಿಂಸೆ. ಉಳಿದೆಲ್ಲರಿಗೂ ಕಂತ್ರಿಯೇ ಸರಿ ಅನ್ನುತ್ತೇನೆ, ತಾಳ್ಮೆಯೊಂದಿದ್ದರೆ.

ನಾಡು ನಾಯಿಗಳು ಹೆಚ್ಚಾಗಿ ಬೆದೆಗೆ ಬರುವುದು ಕಾರ್ತಿಕದ ಆಸುಪಾಸಿನಲ್ಲಿ, ಮರಿ ಹಾಕುವುದು ಚಳಿಯಲ್ಲಿ. ಈ ಸಲ ನಮ್ಮ ರಸ್ತೆಯ ಮೋರಿಯೊಳಗೆ ಒಂದು ಕರಿ ನಾಯಿ ನಾಲ್ಕು ಮರಿ ಹಾಕಿದೆ. ತಾಯಿಗೆ ದಿನಾ ಅನ್ನ ಇಟ್ಟು ಬರುತ್ತಿದ್ದೇನೆ, ಮರಿಗಳನ್ನು ಕೈಯಲ್ಲೆತ್ತಿಕೊಳ್ಳಲು ಅವಳು ಬಿಡುತ್ತಾಳೆ. ಎರಡು ತಿಂಗಳು ತುಂಬಲಿ ಅಂತ ಕಾಯುತ್ತಿದ್ದೇನೆ. ಒಂದಕ್ಕೆ ನಮ್ಮ ಮನೆಯಲ್ಲಿ ಜಾಗವಿದೆ.