ಹೊಸ ಕನೆಕ್ಷನ್‌ಗೆ ಸ್ವಂತ ರೂಟರ್: ವರ್ಷಕ್ಕೂ ಜಾಸ್ತಿ ಬಳಸಿದ ಮೇಲೆ

ಕಂಪನಿಯವರು ಕೊಡುವ ರೂಟರ್ ತೆಗೆದು ನಮ್ಮದೇ ಹಾಕಿಕೊಂಡರೆ ನೆಟ್ ಜೋರಾಗಿ ಓಡುತ್ತದೆ ಎಂದು ಸುಮಾರು ಜನ ನಂಬಿದ್ದಾರೆ. ಓಡುವುದಿಲ್ಲ. ಇಷ್ಟು ದಿನ ಬಳಸಿದ ಮೇಲೆ ಮೊದಲು ಹೇಳಬೇಕಾದ ಮಾತು ಇದೇ. ಕೇಬಲ್ ಹಾಕಿ ಅಳೆದರೆ ಅವರ ಡಬ್ಬದಲ್ಲಿ ಎಷ್ಟು ಸ್ಪೀಡ್ ಬರುತ್ತಿತ್ತೋ ನನ್ನದರಲ್ಲೂ ಅಷ್ಟೇ ಬರುತ್ತದೆ. ವೈಫೈ ಸ್ವಲ್ಪ ಸುಧಾರಿಸಿದೆ, ನಿಜ. ಹಾಗಿದ್ದರೆ ಇಷ್ಟೆಲ್ಲ ಒದ್ದಾಟ ಯಾಕೆ? ನೆಟ್ ಹೋದಾಗ ತೊಂದರೆ ನಮ್ಮ ಮನೆಯಲ್ಲಿದೆಯೋ ಅವರ ಕಡೆ ಇದೆಯೋ ಅಂತ ಬೇಗ ಗೊತ್ತಾಗುತ್ತದೆ. ನನಗೆ ಸಿಕ್ಕ ದೊಡ್ಡ ಲಾಭ ಅದೇ, ಅದಕ್ಕೇ ಮತ್ತೆ ಅವರ ರೂಟರ್‌ಗೆ ಹೋಗುವ ಮನಸ್ಸಿಲ್ಲ.

ನನ್ನದು ಫೈಬರ್ ಕನೆಕ್ಷನ್. ಗೋಡೆಯ ಹತ್ತಿರ ಫೈಬರ್ ಬಂದು ಸೇರುವ ಡಬ್ಬಕ್ಕೆ ಒಎನ್‌ಟಿ ಅನ್ನುತ್ತಾರೆ. ಅದನ್ನು ನೀವೇ ಬದಲಾಯಿಸಲು ಹೋಗಬೇಡಿ. ಅದರ ಸೀರಿಯಲ್ ನಂಬರ್ ಕಂಪನಿಯ ಕಡೆ ದಾಖಲಾಗಿರುತ್ತದೆ, ಬೇರೆ ಡಬ್ಬ ಸಿಕ್ಕಿಸಿದರೆ ಆ ಕಡೆಯ ಉಪಕರಣ ಅದನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಬದಲಾಯಿಸಬೇಕಾದದ್ದು ಅದರ ಮುಂದಿನ ರೂಟರ್ ಮಾತ್ರ. ಎರಡೂ ಒಂದೇ ಡಬ್ಬದಲ್ಲಿದ್ದರೆ ಅದನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಕೊಡಿ ಎಂದು ಕೇಳಬೇಕು. ಆಗ ಆ ಡಬ್ಬ ಬೆಳಕನ್ನು ಕೇಬಲ್‌ಗೆ ಬದಲಿಸಿ ಕೊಡುವ ಕೆಲಸ ಮಾತ್ರ ಮಾಡುತ್ತದೆ, ಲಾಗಿನ್ ಆಗುವುದು ನಿಮ್ಮ ರೂಟರ್. ಬ್ರಿಡ್ಜ್ ಮೋಡ್ ಹಾಕಿಸದೆ ಹಾಗೇ ಹಿಂದೊಂದು ರೂಟರ್ ಸಿಕ್ಕಿಸಿದರೂ ನೆಟ್ ಬರುತ್ತದೆ. ಆದರೆ ಎರಡು ಕಡೆ ವಿಳಾಸ ಬದಲಾವಣೆ ಆಗುವುದರಿಂದ ಗೇಮ್ ಆಡುವವರಿಗೂ ಹೊರಗಿನಿಂದ ಮನೆಯ ಕ್ಯಾಮೆರಾ ನೋಡುವವರಿಗೂ ಕಿರಿಕಿರಿ ತಪ್ಪದು.

ಬ್ರಿಡ್ಜ್ ಮೋಡ್ ಅಂದ ಕೂಡಲೇ ಕಸ್ಟಮರ್ ಕೇರ್‌ನಿಂದ ಬರುವ ಉತ್ತರ ನಿಮಗೂ ಗೊತ್ತಿರಬಹುದು: ‘ನಮ್ಮ ರೂಟರೇ ಚೆನ್ನಾಗಿದೆ ಸಾರ್.’ ಫೋನಿನಲ್ಲಿ ವಾದ ಮಾಡಿ ಪ್ರಯೋಜನವಿಲ್ಲ. ಕನೆಕ್ಷನ್ ಹಾಕಲು ಬರುವ ಟೆಕ್ನೀಷಿಯನ್‌ಗೆ ಇದೆಲ್ಲ ಚೆನ್ನಾಗಿ ಗೊತ್ತಿರುತ್ತದೆ. ಆತ ಮನೆಯಲ್ಲಿ ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ಲಾಗಿನ್ ಪಿಪಿಪಿಒಇಯೋ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸೇರುವುದು), ಸುಮ್ನೆ ಡಿಎಚ್‌ಸಿಪಿಯೋ (ಅದೇನೂ ಕೇಳದೆ ವಿಳಾಸ ಸಿಗುವುದು)? ಪಿಪಿಪಿಒಇ ಆದರೆ ಯೂಸರ್‌ನೇಮ್, ಪಾಸ್‌ವರ್ಡ್ ಏನು? ವಿಎಲ್ಯಾನ್ ನಂಬರ್ (ಒಂದೇ ಲೈನ್‌ನಲ್ಲಿ ಓಡುವ ಸೇವೆಗಳನ್ನು ಬೇರೆಬೇರೆ ಇಡುವ ನಂಬರ್) ಇದೆಯಾ? ಐಪಿವಿ6 (ನೆಟ್‌ನ ಹೊಸ ವಿಳಾಸ ಪದ್ಧತಿ) ಬರುತ್ತಾ? ಈ ಹೊಸ ಕಂಪನಿಯ ವೆಲ್ಕಮ್ ಮೆಸೇಜ್‌ನಲ್ಲಿ ಆ್ಯಪ್‌ನ ಲಿಂಕ್ ಇತ್ತು, ಆಫರ್ ಇತ್ತು, ಈ ನಾಲ್ಕರಲ್ಲಿ ಒಂದೂ ಇರಲಿಲ್ಲ. ಟೆಕ್ನೀಷಿಯನ್ ಮಾತ್ರ ತನ್ನ ಫೋನ್ ನೋಡಿಕೊಂಡು ಎಲ್ಲವನ್ನೂ ಹೇಳಿದರು.

ಈಗ ನಿಜವಾದ ಕೆಲಸ. ರೂಟರ್‌ನ ಸ್ಟಿಕರ್ ಮೇಲೆ ಬರೆದಿರುವ ವಿಳಾಸವನ್ನು ಬ್ರೌಸರ್‌ನಲ್ಲಿ ಹೊಡೆಯಬೇಕು, ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಇರುತ್ತದೆ. ಈ ಕೆಲಸಕ್ಕೆ ವೈಫೈ ಬೇಡ, ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿಕೊಂಡೇ ಕೂರಿ. ಒಎನ್‌ಟಿಯ ಕೇಬಲ್ ವ್ಯಾನ್ (ಹೊರಗಿನ ನೆಟ್ ಬರುವ ಕಡೆ) ಎಂದು ಬರೆದ ಪೋರ್ಟ್‌ಗೆ ಹೋಗಬೇಕು. ವ್ಯಾನ್ ಪುಟದಲ್ಲಿ ಪಿಪಿಪಿಒಇ ಆರಿಸಿ ಯೂಸರ್‌ನೇಮ್, ಪಾಸ್‌ವರ್ಡ್ ತುಂಬುವುದು ಸುಲಭ. ಜನ ಸಿಕ್ಕಿಹಾಕಿಕೊಳ್ಳುವುದು ವಿಎಲ್ಯಾನ್ ನಂಬರಿನಲ್ಲಿ. ಒಂದೇ ಫೈಬರ್‌ನಲ್ಲಿ ನೆಟ್, ಫೋನ್, ಟಿವಿ ಮೂರನ್ನೂ ಕಳಿಸುವ ಕಂಪನಿಗಳು ಒಂದೊಂದಕ್ಕೂ ಬೇರೆ ನಂಬರ್ ಕೊಟ್ಟಿರುತ್ತವೆ. ಕೆಲವು ಕಡೆ ಒಎನ್‌ಟಿಯೇ ಆ ನಂಬರನ್ನು ಸೇರಿಸಿಕೊಳ್ಳುತ್ತದೆ, ಆಗ ರೂಟರ್‌ನಲ್ಲಿ ಏನೂ ಹಾಕಬಾರದು. ಕೆಲವು ಕಡೆ ರೂಟರ್‌ನಲ್ಲೇ ಹಾಕಬೇಕು. ಇನ್ನೊಂದು ಗೋಜಲು: ಈ ಸೆಟ್ಟಿಂಗ್ ಕೆಲವು ರೂಟರ್‌ಗಳಲ್ಲಿ ವ್ಯಾನ್ ಪುಟದಲ್ಲಿ ಇರುವುದೇ ಇಲ್ಲ, ಐಪಿಟಿವಿ ಎಂಬ ಮೂಲೆಯ ಪುಟದಲ್ಲಿ ಅಡಗಿ ಕುಳಿತಿರುತ್ತದೆ. ಟಿವಿಗೂ ನನಗೂ ಸಂಬಂಧವಿಲ್ಲ ಅಂತ ಯಾರೂ ಆ ಕಡೆ ನೋಡುವುದಿಲ್ಲ.

ಏನು ತಪ್ಪಾಗಿದೆ ಎಂದು ಊಹಿಸುತ್ತಾ ಕೂರುವ ಬದಲು ರೂಟರ್‌ನ ಸಿಸ್ಟಂ ಲಾಗ್, ಅಂದರೆ ನಡೆದದ್ದನ್ನೆಲ್ಲ ಅದು ಬರೆದಿಡುವ ಪಟ್ಟಿ, ತೆಗೆದು ನೋಡಿ. ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಅದು ಈ ಲಾಗ್ ಆಗಿರಲಿ. ಪಿಪಿಪಿಒಇ 1999ರಲ್ಲಿ ಬಂದ ಪದ್ಧತಿ, ಅದರ ಮಾತುಕತೆ ತುಂಬ ಸರಳ. ಮೊದಲು ನಿಮ್ಮ ರೂಟರ್ ಪಿಎಡಿಐ ಕಳಿಸುತ್ತದೆ, ಅಂದರೆ ಆ ಕಡೆ ಯಾರಾದರೂ ಇದ್ದೀರಾ ಅಂತ ಕೂಗುತ್ತದೆ. ಕಂಪನಿಯ ಸರ್ವರ್ ಪಿಎಡಿಒ ಅಂತ ಓಗೊಡುತ್ತದೆ. ಆಮೇಲೆ ಪಿಎಡಿಆರ್, ಪಿಎಡಿಎಸ್. ಅಲ್ಲಿಗೆ ಸೆಷನ್ ಶುರು. ಯೂಸರ್‌ನೇಮ್, ಪಾಸ್‌ವರ್ಡ್ ಕೇಳುವುದು ಇದೆಲ್ಲ ಮುಗಿದ ಮೇಲೆ. ಹಾಗಾಗಿ ಲಾಗ್‌ನಲ್ಲಿ ಬರೀ ಪಿಎಡಿಐ ಮೇಲೆ ಪಿಎಡಿಐ ಹೋಗುತ್ತಿದ್ದು ಒಂದಕ್ಕೂ ಉತ್ತರ ಇಲ್ಲದಿದ್ದರೆ ಪಾಸ್‌ವರ್ಡನ್ನು ಎಷ್ಟು ಸಲ ತಿದ್ದಿ ಬರೆದರೂ ಉಪಯೋಗವಿಲ್ಲ, ಅದನ್ನು ಇನ್ನೂ ಯಾರೂ ಕೇಳಿಯೇ ಇಲ್ಲ. ವಿಎಲ್ಯಾನ್ ನಂಬರ್, ಕೇಬಲ್, ಬ್ರಿಡ್ಜ್ ಮೋಡ್, ಇವುಗಳಲ್ಲಿ ಏನೋ ಸರಿಯಿಲ್ಲ, ಇಲ್ಲವೇ ಕಂಪನಿಯ ಕಡೆಯೇ ಸಮಸ್ಯೆ. ಸೆಷನ್ ಬಂದು ಅಥೆಂಟಿಕೇಷನ್ ಫೇಲ್ ಅಂತ ಬಿದ್ದರೆ ಮಾತ್ರ ಪಾಸ್‌ವರ್ಡ್ ನೋಡಿ.

ಪಾಸ್‌ವರ್ಡ್ ಸರಿಯಿದ್ದೂ ಹೀಗೆ ಆಗುವುದುಂಟು. ಹಳೆ ರೂಟರ್ ಕಿತ್ತು ತಕ್ಷಣ ಹೊಸದು ಹಾಕಿದರೆ ಸರ್ವರ್‌ನ ಲೆಕ್ಕದಲ್ಲಿ ಹಳೆಯ ಸೆಷನ್ ಇನ್ನೂ ಬದುಕಿರುತ್ತದೆ, ಎರಡನೆಯದಕ್ಕೆ ಜಾಗ ಕೊಡುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನೋಡಿ. ಆಗಲೂ ಆಗದಿದ್ದರೆ ಕಂಪನಿ ನಿಮ್ಮ ಕನೆಕ್ಷನ್ನನ್ನು ಹಳೆ ರೂಟರ್‌ನ ಮ್ಯಾಕ್ ವಿಳಾಸಕ್ಕೆ (ಪ್ರತಿ ಉಪಕರಣಕ್ಕೂ ಇರುವ ಗುರುತಿನ ನಂಬರ್) ಗಂಟು ಹಾಕಿರಬಹುದು. ಅದನ್ನು ಬಿಡಿಸಿ ಎಂದು ಅವರನ್ನೇ ಕೇಳಬೇಕು, ಇಲ್ಲವೇ ಹಳೆಯ ವಿಳಾಸವನ್ನು ಹೊಸ ರೂಟರ್‌ನ ಮ್ಯಾಕ್ ಕ್ಲೋನ್ ಜಾಗದಲ್ಲಿ ಬರೆಯಬೇಕು.

ನೆಟ್ ಬಂತು ಅಂತ ಖುಷಿಪಟ್ಟ ಮೇಲೆ ಕೆಲವು ಸೈಟ್‌ಗಳು ಅರ್ಧ ತೆರೆದು ನಿಂತುಬಿಡುವುದು ಇನ್ನೊಂದು ತಮಾಷೆ. ಸರ್ಚ್ ಬರುತ್ತದೆ, ವಿಡಿಯೊ ಓಡುತ್ತದೆ, ಯಾವುದೋ ಒಂದು ಲಾಗಿನ್ ಪುಟ ಮಾತ್ರ ಸುಮ್ನೆ ಸುತ್ತುತ್ತಾ ಇರುತ್ತದೆ. ಇದು ಎಂಟಿಯು, ಅಂದರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಎಂಬ ಮಿತಿಯ ಸಮಸ್ಯೆ ಆಗಿರಬಹುದು. ಈಥರ್‌ನೆಟ್‌ನಲ್ಲಿ ಒಂದು ಪ್ಯಾಕೆಟ್ 1500 ಬೈಟ್ ಹೊರುತ್ತದೆ. ಅದರಲ್ಲಿ 8 ಬೈಟ್ ಪಿಪಿಪಿಒಇಗೇ ಹೋಗುವುದರಿಂದ ಉಳಿಯುವುದು 1492. ರೂಟರ್‌ನಲ್ಲಿ 1500 ಅಂತಲೇ ಇದ್ದರೆ ದೊಡ್ಡ ಪ್ಯಾಕೆಟ್‌ಗಳು ದಾರಿಯಲ್ಲಿ ಬಿದ್ದುಹೋಗಬಹುದು. ಪರೀಕ್ಷೆ ಸುಲಭ. ಒಡೆಯಬಾರದು ಎಂಬ ಷರತ್ತಿನೊಂದಿಗೆ 1464 ಬೈಟ್‌ನ ಪಿಂಗ್ (ಆ ಕಡೆಯಿಂದ ಉತ್ತರ ಬರುತ್ತದೆಯೇ ಎಂದು ನೋಡುವ ಪ್ಯಾಕೆಟ್) ಕಳಿಸಿ. ಪಿಂಗ್‌ನ ಸ್ವಂತ 28 ಬೈಟ್ ಸೇರಿ ಅದು 1492 ಆಗುತ್ತದೆ. ಅದು ಹೋಗಿ 1465 ಹೋಗದಿದ್ದರೆ ನಿಮ್ಮ ಎಂಟಿಯು 1492 ಎಂದೇ ಅರ್ಥ.

ವೈಫೈ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಳೆಯ ರೂಟರ್‌ನ ಹೆಸರು, ಪಾಸ್‌ವರ್ಡ್ ಎರಡನ್ನೂ ಹೊಸದಕ್ಕೂ ಇಟ್ಟರೆ ಮನೆಯ ಫೋನ್, ಟಿವಿ, ಪ್ರಿಂಟರ್ ಎಲ್ಲವೂ ತಾವಾಗಿಯೇ ಸೇರಿಕೊಳ್ಳುತ್ತವೆ. ಮನೆಯವರಿಗೆ ಬದಲಾವಣೆ ಆಗಿದ್ದೇ ಗೊತ್ತಾಗುವುದಿಲ್ಲ. 2.4 ಗಿಗಾಹರ್ಟ್ಸ್‌ನಲ್ಲಿ 1, 6, 11ನೇ ಚಾನೆಲ್‌ಗಳು ಒಂದರ ಮೇಲೊಂದು ಬೀಳುವುದಿಲ್ಲ, ಅವುಗಳಲ್ಲಿ ಖಾಲಿ ಇರುವುದನ್ನು ಆರಿಸಿ. 5 ಗಿಗಾಹರ್ಟ್ಸ್‌ನ ಕೆಲವು ಚಾನೆಲ್‌ಗಳಲ್ಲಿ ರಾಡಾರ್ ಕೂಡ ಓಡುವುದರಿಂದ ರೂಟರ್ ಮೊದಲು ಕನಿಷ್ಠ ಒಂದು ನಿಮಿಷ ಕಿವಿಗೊಟ್ಟು ಕೇಳಿ ಆಮೇಲೆ ವೈಫೈ ಶುರು ಮಾಡುತ್ತದೆ. ಆ ಒಂದು ನಿಮಿಷದಲ್ಲಿ ರೂಟರ್ ಕೆಟ್ಟಿದೆ ಎಂದು ರೀಸೆಟ್ ಮಾಡುವ ಪುಣ್ಯಾತ್ಮರು ಇದ್ದಾರೆ. ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಬದಲು ಬಟನ್ ಅಥವಾ ಪಿನ್‌ನಿಂದ ವೈಫೈ ಸೇರುವ ಸೌಲಭ್ಯ) ಆಫ್ ಮಾಡಿ. ಅದರ ಎಂಟಂಕಿ ಪಿನ್ ಹೆಚ್ಚೆಂದರೆ 11,000 ಪ್ರಯತ್ನದಲ್ಲಿ ಸಿಗುತ್ತದೆ ಎಂದು 2011ರಲ್ಲೇ ಬಯಲಾಗಿದೆ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಹೊರಗಿನಿಂದ ಲಾಗಿನ್ ಆಗುವ ಸೌಲಭ್ಯವನ್ನೂ ಮುಚ್ಚಿ.

ಇಷ್ಟು ದಿನದಲ್ಲಿ ಹೇಗೆ ನಡೆದಿದೆ ಅಂದರೆ, ಬಹುಪಾಲು ನನಗೆ ಅದರ ನೆನಪೇ ಬಂದಿಲ್ಲ. ಕರೆಂಟ್ ಹೋಗಿ ಬಂದರೆ ತಾನೇ ಲಾಗಿನ್ ಆಗುತ್ತದೆ. ಕಂಪನಿ ಕೊಟ್ಟ ಡಬ್ಬವೇ ರೂಟರ್ ಆಗಿದ್ದಾಗ ದೂರದಿಂದಲೇ ಅಪ್‌ಡೇಟ್ ಹಾಕುತ್ತಿದ್ದರು. ಬೆಳಗ್ಗೆ ನೋಡಿದರೆ ನಾನು ಹಾಕಿದ ಡಿಎನ್‌ಎಸ್ (ಸೈಟ್‌ನ ಹೆಸರಿಗೆ ವಿಳಾಸ ಹುಡುಕಿಕೊಡುವ ಸರ್ವರ್) ಮಾಯ, ವೈಫೈ ಚಾನೆಲ್ ಮತ್ತೆ ಮೊದಲಿನದೇ. ಈಗ ಆ ಕಾಟ ಇಲ್ಲ. ಬದಲಿಗೆ ಅಪ್‌ಡೇಟ್ ಮಾಡುವ ಹೊಣೆ ನನ್ನ ತಲೆ ಮೇಲಿದೆ. ಆಗಾಗ ನೋಡಿ ಹಾಕುತ್ತೇನೆ, ಅದಕ್ಕೂ ಮೊದಲು ಸೆಟ್ಟಿಂಗ್‌ಗಳ ಬ್ಯಾಕಪ್ ಫೈಲ್ ಇಳಿಸಿಕೊಳ್ಳುತ್ತೇನೆ.

ಒಂದು ಸಂಜೆ ನೆಟ್ ನಿಂತಿತ್ತು. ಬ್ರೌಸರ್‌ನಲ್ಲಿ ಏನೂ ತೆರೆಯುತ್ತಿರಲಿಲ್ಲ, ಆದರೆ 1.1.1.1ಕ್ಕೆ ಪಿಂಗ್ ಮಾಡಿದರೆ ಉತ್ತರ ಬರುತ್ತಿತ್ತು. ಅಂದರೆ ಲೈನ್ ಚೆನ್ನಾಗಿದೆ, ಹೆಸರನ್ನು ವಿಳಾಸಕ್ಕೆ ಬದಲಿಸಿ ಕೊಡುವ ಅವರ ಡಿಎನ್‌ಎಸ್ ಮಲಗಿದೆ. ರೂಟರ್‌ನಲ್ಲಿ ಡಿಎನ್‌ಎಸ್ ಜಾಗಕ್ಕೆ ಯಾರು ಬೇಕಾದರೂ ಬಳಸಬಹುದಾದ 1.1.1.1 ಮತ್ತು 8.8.8.8 ಹಾಕಿದೆ, ಎಲ್ಲ ಸರಿಹೋಯಿತು. ಇನ್ನೊಂದು ಸಲ ಒಎನ್‌ಟಿಯಲ್ಲಿ ಕೆಂಪು ದೀಪ ಇರಲಿಲ್ಲ, ಲಾಗ್‌ನಲ್ಲಿ ಮಾತ್ರ ಬರೀ ಪಿಎಡಿಐ. ಕಸ್ಟಮರ್ ಕೇರ್‌ನವರು ರೂಟರ್ ಆಫ್ ಮಾಡಿ ಆನ್ ಮಾಡಿ ಎಂದರು. ‘ಫೈಬರ್ ಸಿಗ್ನಲ್ ಇದೆ, ಪಿಎಡಿಐ ಹೋಗ್ತಿದೆ, ನಿಮ್ಮ ಸರ್ವರ್ ಉತ್ತರ ಕೊಡ್ತಿಲ್ಲ’ ಎಂದೆ. ಆ ಕಡೆ ಸ್ವಲ್ಪ ಮೌನ. ಆಮೇಲೆ ‘ಲೈನ್‌ನಲ್ಲಿರಿ ಸಾರ್’ ಎಂದು ಮೇಲಿನವರಿಗೆ ವರ್ಗಾಯಿಸಿದರು. ಮನೆಗೆ ಯಾರೂ ಬರಬೇಕಾಗಲಿಲ್ಲ, ರಾತ್ರಿಯೊಳಗೆ ಅವರ ಕಡೆಯೇ ಸರಿಮಾಡಿದರು.

ಇಷ್ಟವಾಗದ್ದೂ ಇದೆ. ರೂಟರ್‌ನ ವ್ಯಾನ್ ವಿಳಾಸ 100.64ರಿಂದ 100.127ರ ನಡುವೆ ಶುರುವಾದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ ಎಂದು ತಿಳಿಯಿರಿ. ಒಂದೇ ಹೊರಗಿನ ವಿಳಾಸವನ್ನು ತುಂಬ ಮನೆಗಳು ಹಂಚಿಕೊಂಡಿರುತ್ತವೆ. ನನ್ನದೂ ಹಾಗೇ. ಎಂಥ ರೂಟರ್ ತಂದರೂ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬಂದದ್ದನ್ನು ಮನೆಯೊಳಗಿನ ಉಪಕರಣಕ್ಕೆ ದಾಟಿಸುವುದು) ಕೆಲಸಕ್ಕೆ ಬರುವುದಿಲ್ಲ. ಕೊಳ್ಳುವ ಮೊದಲೇ ಇದು ಗೊತ್ತಿದ್ದರೆ ಒಳ್ಳೆಯದು ಅಲ್ವಾ? ಲ್ಯಾಂಡ್‌ಲೈನ್ ಕೂಡ ಇದೇ ಫೈಬರ್‌ನಲ್ಲಿ ಬರುತ್ತಿದ್ದರೆ ಕಂಪನಿಯ ಡಬ್ಬವನ್ನು ಪೂರ್ತಿ ತೆಗೆಯಲಾಗದು, ಫೋನ್ ಅದರ ಬೆನ್ನಿಗೇ ಸಿಕ್ಕಿಸಿಕೊಂಡಿರುತ್ತದೆ. ಹಳೆಯ ರೂಟರ್ ಮನೆಯಲ್ಲಿ ಬಿದ್ದಿದೆ, ಅದನ್ನೇ ಹಾಕೋಣ ಅನ್ನುವವರು ಅದರ ವ್ಯಾನ್ ಪೋರ್ಟ್ 100 ಮೆಗಾಬಿಟ್‌ನದೋ ಗಿಗಾಬಿಟ್‌ನದೋ ನೋಡಿಕೊಳ್ಳಿ. ಗಿಗಾಬಿಟ್ ಪೋರ್ಟ್ ಇದ್ದೂ ಸ್ಪೀಡ್ 95ರ ಹತ್ತಿರವೇ ನಿಂತರೆ ಕೇಬಲ್ ಮೇಲೆ ಅನುಮಾನಪಡಿ. ಗಿಗಾಬಿಟ್‌ಗೆ ಒಳಗಿನ ಎಂಟೂ ತಂತಿ ಬೇಕು, ಒಂದು ತುಂಡಾದರೂ ಅದು 100ಕ್ಕೆ ಇಳಿಯಬಹುದು.

ಅಂಕ ಕೊಡುವುದಾದರೆ ಸ್ವಂತ ರೂಟರ್‌ಗೆ ಐದಕ್ಕೆ ನಾಲ್ಕೂವರೆ, ಕಂಪನಿಗೆ ಮೂರು. ಮನೆಯಲ್ಲಿ ಲಾಗ್ ತೆಗೆದು ನೋಡುವವರು ಯಾರೂ ಇಲ್ಲದಿದ್ದರೆ ಅವರ ರೂಟರ್ ಇಟ್ಟುಕೊಳ್ಳುವುದೇ ವಾಸಿ, ಕೆಟ್ಟರೆ ಬದಲಿಸಿ ಕೊಡುವುದಾದರೂ ಅವರ ಕೆಲಸ. ಮೂರು ಅಂಕ ಯಾಕೆಂದರೆ ಐಪಿವಿ6 ವಿಚಾರ. ಸಿಜಿನ್ಯಾಟ್ ಇದ್ದರೂ ಐಪಿವಿ6 ಮೂಲಕ ಹೊರಗಿನಿಂದ ಮನೆಗೆ ಬರಬಹುದು, ಬರುತ್ತಲೂ ಇದ್ದೇನೆ. ಆದರೆ ಪ್ರತಿ ಸಲ ಮರುಲಾಗಿನ್ ಆದಾಗಲೂ ಪ್ರಿಫಿಕ್ಸ್, ಅಂದರೆ ಕಂಪನಿ ಕೊಡುವ ವಿಳಾಸದ ಮೊದಲ ಭಾಗ, ಬದಲಾಗುತ್ತದೆ, ಮನೆಯ ಎಲ್ಲ ವಿಳಾಸಗಳೂ ಅದರ ಜೊತೆ ಬದಲಾಗುತ್ತವೆ. ಒಂದೇ ಪ್ರಿಫಿಕ್ಸ್ ಕಾಯಂ ಮಾಡಿಕೊಡಿ ಎಂದು ದೂರು ಕೊಟ್ಟಿದ್ದೆ. ಸಮಸ್ಯೆ ಬಗೆಹರಿದಿದೆ ಎಂದು ಮೆಸೇಜ್ ಬಂತು. ಬಗೆಹರಿದಿಲ್ಲ. ಮತ್ತೆ ದೂರು ತೆರೆಸಿದ್ದೇನೆ.