ಪಾಲಿಗಾನ್ ಕಳೆಯೋಕೆ ಶೇಪ್ಲಿ, ಕ್ಲಿಪ್ಪರ್2, ಸಿಜಿಎಎಲ್: ಯಾವುದು ಎಲ್ಲಿ ತಪ್ಪುತ್ತದೆ?

ವಾರ್ಡ್ ನಕ್ಷೆಯಿಂದ ಕೆರೆಗಳನ್ನು ಕಳೆದು ಉಳಿದ ನೆಲದ ಅಳತೆ ತೆಗೆಯಬೇಕಿತ್ತು. ಕೆರೆ, ವಾರ್ಡ್ ಎಲ್ಲವೂ ಪಾಲಿಗಾನ್, ಅಂದರೆ ಬಿಂದುಗಳನ್ನು ಗೆರೆಯಿಂದ ಸೇರಿಸಿ ಮುಚ್ಚಿದ ಆಕಾರಗಳು. ಒಂದೇ ಡೇಟಾವನ್ನು ಶೇಪ್ಲಿ, ಕ್ಲಿಪ್ಪರ್2, ಸಿಜಿಎಎಲ್ ಅನ್ನುವ ಮೂರು ಪ್ರೋಗ್ರಾಮಿಂಗ್ ಲೈಬ್ರರಿಗೂ ಕೊಟ್ಟೆ. ಮೂರರಲ್ಲೂ ಎಡವಟ್ಟು ಉತ್ತರ ಬಂತು, ಆದರೆ ಕಾರಣ ಒಂದೊಂದರಲ್ಲೂ ಬೇರೆ.

ನಕ್ಷೆ ಕೆಲಸಕ್ಕೆ ನನ್ನ ಆಯ್ಕೆ ಶೇಪ್ಲಿ. ಅದರೊಳಗೆ ಕೆಲಸ ಮಾಡುವುದು ಜಿಯೋಸ್ ಅನ್ನುವ ಇನ್ನೊಂದು ಲೈಬ್ರರಿ. ನಕ್ಷೆ ತಂತ್ರಾಂಶ ಕ್ಯೂಜಿಐಎಸ್ ಮತ್ತು ನಕ್ಷೆ ಡೇಟಾಬೇಸ್ ಪೋಸ್ಟ್‌ಜಿಐಎಸ್ ಬಳಸುವುದೂ ಅದನ್ನೇ. ಗಡಿ ತನ್ನನ್ನೇ ದಾಟಿದ ಪಾಲಿಗಾನ್ ಕೊಟ್ಟರೆ ಹಲವು ಸಲ ‘ಟೊಪಾಲಜಿ ಎಕ್ಸೆಪ್ಷನ್’ ಅನ್ನುವ ದೋಷ ತೋರಿಸಿ ನಿಂತುಬಿಡುತ್ತದೆ. ಆಗ ಬಫರ್ ಸೊನ್ನೆ (ಗಡಿಯನ್ನು ಸೊನ್ನೆ ದೂರ ಹಿಗ್ಗಿಸುವ ಕಮಾಂಡ್) ಹಾಕಿ ಅಂತ ಸುಮಾರು ಜನ ಹೇಳುತ್ತಾರೆ. ದಯವಿಟ್ಟು ಬೇಡ. 8ರ ಆಕಾರದ ಪಾಲಿಗಾನ್ ಆದರೆ ಅದು ಒಂದು ಕಡೆಯನ್ನೇ ಸದ್ದಿಲ್ಲದೆ ಬಿಟ್ಟುಬಿಡಬಹುದು, ವಿಸ್ತೀರ್ಣ ಕಡಿಮೆಯಾಗಿದ್ದು ನಿಮಗೆ ಗೊತ್ತೂ ಆಗುವುದಿಲ್ಲ. ಬದಲಿಗೆ, ಕೆಟ್ಟ ಆಕಾರವನ್ನು ಸರಿಪಡಿಸುವ ಮೇಕ್ ವ್ಯಾಲಿಡ್ ಕಮಾಂಡ್ ಎರಡೂ ಕಡೆ ಉಳಿಸುತ್ತದೆ.

ಇನ್ನೊಂದು ಕಾಟ ಸ್ಲಿವರ್, ಅಂದರೆ ಗಡಿಯುದ್ದಕ್ಕೂ ಉಳಿಯುವ ಕೂದಲೆಳೆಯಂಥ ಚೂರುಗಳು. ಮೊದಲು ಅಕ್ಷಾಂಶ, ರೇಖಾಂಶದ ಡಿಗ್ರಿಯಿಂದ ಮೀಟರಿಗೆ ಬನ್ನಿ, ಬೆಂಗಳೂರಿಗೆ ಅಂಥ ಮೀಟರ್ ವ್ಯವಸ್ಥೆ ಯುಟಿಎಂನ ‘43 ಉತ್ತರ’ ವಲಯ. ಆಮೇಲೆ ಶೇಪ್ಲಿ 2ರಲ್ಲಿ ಗ್ರಿಡ್ ಸೈಜ್ (ಬಿಂದುಗಳನ್ನು ಕೂರಿಸುವ ಚೌಕಳಿಯ ಅಳತೆ) 0.01 ಕೊಟ್ಟರೆ ಒಂದು ಸೆಂಟಿಮೀಟರಿಗಿಂತ ಸಣ್ಣ ಚೂರುಗಳು ಬಹುಪಾಲು ಹೋಗುತ್ತವೆ. ಎರಡು ಲೇಯರ್‌ಗಳ ಗಡಿಯನ್ನು ಬೇರೆ ಬೇರೆಯವರು ಎಳೆದಿದ್ದರೆ ಮಾತ್ರ ಚೂರು ಅದಕ್ಕಿಂತ ಅಗಲ ಇರುತ್ತದೆ, ಅದನ್ನು ವಿಸ್ತೀರ್ಣ ನೋಡಿ ತೆಗೆಯಲೇಬೇಕು. ಹಾಗೇ, ಕಳೆದ ಮೇಲೂ ‘ಇಂಟರ್ಸೆಕ್ಟ್ಸ್’ (ಎರಡು ಆಕಾರ ಎಲ್ಲಾದರೂ ತಾಗುತ್ತವಾ ಅನ್ನುವ ಪರೀಕ್ಷೆ) ಹೌದು ಅಂದರೆ ಗಾಬರಿ ಬೇಡ, ಗಡಿ ಇಬ್ಬರಿಗೂ ಸೇರಿದ್ದೇ ಅಲ್ವಾ?

ಕ್ಲಿಪ್ಪರ್2 ವೇಗವಾಗಿದೆ, ಗಡಿ ದಾಟಿದ ಪಾಲಿಗಾನನ್ನೂ ತಕರಾರಿಲ್ಲದೆ ತೆಗೆದುಕೊಳ್ಳುತ್ತದೆ. ಆದರೆ ಒಳಗೆ ಅದು ಲೆಕ್ಕ ಮಾಡುವುದು ಪೂರ್ಣಾಂಕಗಳಲ್ಲಿ. ದಶಮಾಂಶ ಕೊಟ್ಟರೆ, ನೀವೇನೂ ಹೇಳದಿದ್ದಾಗ ಎರಡೇ ಸ್ಥಾನ ಉಳಿಸಿಕೊಳ್ಳುತ್ತದೆ. ಮೀಟರಿನಲ್ಲಿ ಅದು ಒಂದು ಸೆಂಟಿಮೀಟರ್, ಸಾಕು. ಡಿಗ್ರಿಯಲ್ಲಿ 0.01 ಅಂದರೆ ಸುಮಾರು 1.1 ಕಿಲೋಮೀಟರ್, ಸಣ್ಣ ಕೆರೆ ಇಡೀ ಮಾಯ! ಯಾವ ಭಾಗ ಆಕಾರದ ಒಳಗಿದೆ ಅಂತ ತೀರ್ಮಾನಿಸುವ ಫಿಲ್ ರೂಲ್ ಕೂಡ ನೋಡಿ. ನಾನ್‌ಜೀರೋ ಇಟ್ಟು, ನಡುವಿನ ತೂತನ್ನು ಹೊರಗಡಿ ಸುತ್ತುವ ದಿಕ್ಕಿನಲ್ಲೇ ಬರೆದಿದ್ದರೆ ತೂತು ಮುಚ್ಚಿಹೋಗುತ್ತದೆ. ಈವನ್‌ಆಡ್‌ನಲ್ಲಿ ಈ ತೊಂದರೆ ಇಲ್ಲ. ಲೇಸರ್ ಕಟಿಂಗ್, ಸಿಎನ್‌ಸಿ ಕೆಲಸಕ್ಕೆ ನಾನು ಕ್ಲಿಪ್ಪರ್2 ಅನ್ನೇ ಹೇಳುತ್ತೇನೆ.

ಸಿಜಿಎಎಲ್‌ನಲ್ಲಿ ಎಕ್ಸಾಕ್ಟ್ ಕರ್ನಲ್ (ಅಂಕಿಗಳನ್ನು ದುಂಡಾಗಿಸದೆ ಲೆಕ್ಕ ಮಾಡುವ ಆಯ್ಕೆ) ಹಾಕಿದರೆ ಲೆಕ್ಕ ನಿಖರ, ಗೆರೆಗಳು ಸೇರುವ ಬಿಂದು ಒಂಚೂರೂ ಸರಿಯುವುದಿಲ್ಲ. ನಿಧಾನ ಮಾತ್ರ. ಹೊರಗಡಿ ಗಡಿಯಾರದ ಎದುರು ದಿಕ್ಕಿನಲ್ಲೇ ಸುತ್ತಬೇಕು ಅನ್ನುವ ಹಟವೂ ಇದೆ. ಕೊನೆಗೆ ಕಂಪ್ಯೂಟರಿನ ಸಾಮಾನ್ಯ ದಶಮಾಂಶ ರೂಪವಾದ ಡಬಲ್‌ಗೆ ಬದಲಿಸಿ ಫೈಲಿಗೆ ಬರೆಯುವಾಗ ಆ ನಿಖರತೆ ಹೋಗಿಬಿಡುತ್ತದೆ. ಒಂದು ಉತ್ತರದ ಮೇಲೆ ಇನ್ನೊಂದು ಕಳೆಯುತ್ತಾ ಹೋಗುವ ಉದ್ದದ ಲೆಕ್ಕ ಇದ್ದರೆ ಮಾತ್ರ ಇಷ್ಟು ಕಷ್ಟ ಪಡಿ.

ಯಾವುದೇ ಬಳಸಿ, ‘ಕಳೆದು ಉಳಿದಿದ್ದು’ ಮತ್ತು ‘ಎರಡಕ್ಕೂ ಸೇರಿದ್ದು’ ಇವುಗಳ ವಿಸ್ತೀರ್ಣ ಕೂಡಿಸಿ. ಮೂಲ ಪಾಲಿಗಾನ್‌ನ ವಿಸ್ತೀರ್ಣಕ್ಕೆ ಹೊಂದದಿದ್ದರೆ ಮೊದಲು ಡೇಟಾ ವ್ಯಾಲಿಡ್ ಇದೆಯಾ ನೋಡಿ, ಆಮೇಲೆ ಯೂನಿಟ್.